ಶುಲ್ಕ ಕಟ್ಟಿದ ಮಾತ್ರಕ್ಕೆ ಪರವಾನಗಿ ಹೊಸದಾಗುವುದಿಲ್ಲ

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಪೇಟೆಗಳಲ್ಲಿ ಕೀಟನಾಶಕ ಮಾರುವವರಿದ್ದಾರೆ. ಮನೆ, ಗೋದಾಮು, ಅಕ್ಕಿ ಗಿರಣಿಗಳಲ್ಲಿ ಗೆದ್ದಲು, ಇಲಿ, ಜಿರಲೆ, ಧಾನ್ಯದ ಹುಳು ನಿಯಂತ್ರಿಸುವ ಕೆಲಸ ಹಿಡಿಯುವವರೂ ಇದ್ದಾರೆ. ಇವರಿಬ್ಬರಿಗೂ ಪರವಾನಗಿ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಆ ಪರವಾನಗಿ ಏನು ಎಂಬ ಬಗ್ಗೆ ಬೇರೂರಿರುವ ತಿಳಿವಳಿಕೆ ಬೇರೆಯೇ. ಅದು ಸರ್ಕಾರ ಒಮ್ಮೆ ಕೊಡುವ ಅಪ್ಪಣೆ. ಪಡೆಯುವಾಗ ಬೇಕಾದ ಓದು, ತರಬೇತಿ, ಕಾಗದಪತ್ರ ಒದಗಿಸಿದರೆ ಮುಗಿಯಿತು. ಆಮೇಲೆ ಶುಲ್ಕ ಕಟ್ಟುವುದು, ರಿಜಿಸ್ಟರ್ ಬರೆಯುವುದು, ತಪಾಸಣೆಗೆ ಬಂದವರಿಗೆ ದಾಸ್ತಾನು ತೋರಿಸುವುದು ಇಷ್ಟೇ ಉಳಿಯುತ್ತದೆ. ಇಪ್ಪತ್ತು ವರ್ಷ ಅಂಗಡಿ ನಡೆಸಿದವರನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುವುದು ಅವರಿಗೆ ಮಾಡುವ ಅವಮಾನ ಎಂದು ವ್ಯಾಪಾರಿಗಳು ಭಾವಿಸುತ್ತಾರೆ, ರೈತರೂ ಹೌದೆನ್ನುತ್ತಾರೆ. ಈ ಅಭಿಪ್ರಾಯವನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ವಿಷವನ್ನು ಮಾರುವ, ವಿಷವನ್ನು ಸಿಂಪಡಿಸುವ ಅಪ್ಪಣೆ ನಿಂತಿರುವುದು ಅದನ್ನು ಪಡೆದವರ ತಿಳಿವಳಿಕೆಯ ಮೇಲೆ. ಕಪಾಟಿನಲ್ಲಿರುವ ಬಾಟಲಿಗೆ ಇರುವಂತೆಯೇ ಆ ತಿಳಿವಳಿಕೆಗೂ ಅವಧಿ ಮುಗಿಯುವ ದಿನ ಒಂದಿದೆ. ಅವಧಿ ಮುಗಿದ ತಿಳಿವಳಿಕೆಯನ್ನು ಶುಲ್ಕದ ರಸೀದಿ ಹೊಸದಾಗಿಸಲಾರದು. ನಿಗದಿತ ಅವಧಿಗೊಮ್ಮೆ ಮರುಕಲಿಕೆ, ಆ ಕಲಿಕೆ ನಡೆದಿದೆಯೆಂಬ ಪರಿಶೀಲನೆ, ಅನಂತರವೇ ಪರವಾನಗಿಯ ಮುಂದುವರಿಕೆ: ಹೀಗಿರಬೇಕು ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದ ಸುಳಿಯೊಳಗೆ ಒಂದು ಹೊಸ ಹುಳುವನ್ನು ಗುರುತಿಸಿದರು. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅದು ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು. 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟು, ಎರಡೇ ವರ್ಷದಲ್ಲಿ ನಮ್ಮ ಜಿಲ್ಲೆಗೆ ಬಂದಿತ್ತು. ಭಾರತದಲ್ಲಿ ಅದು ಇದೆಯೆಂದು ಮೊಟ್ಟಮೊದಲು ದಾಖಲಾದದ್ದು ಇಲ್ಲಿಯೇ. ಶಿಕಾರಿಪುರದ ಬೆದ್ದಲು ಭೂಮಿಯಲ್ಲಿ ಮೆಕ್ಕೆಜೋಳವೇ ಪ್ರಧಾನ. ಸೊರಬದ ಆನವಟ್ಟಿ ಕಡೆಯೂ ಹಾಗೆಯೇ. ಅಂದರೆ ದೇಶಕ್ಕೇ ಹೊಸದಾದ ಒಂದು ಕೀಟ ಈ ಎರಡು ತಾಲ್ಲೂಕುಗಳ ಮುಖ್ಯ ಬೆಳೆಯ ಮೇಲೆ ಎರಗಿದಾಗ, ಇಲ್ಲಿನ ಯಾವ ಪರವಾನಗಿದಾರರ ಓದಿನಲ್ಲೂ ಅನುಭವದಲ್ಲೂ ಅದು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕಾಂಡ ಕೊರೆಯುವ ಹುಳುವಿಗೆ ಸುಳಿಗೆ ಹರಳು ಹಾಕಿ ಗೊತ್ತಿದ್ದವರಿಗೆ ಇದರ ಬಗೆ ಬೇರೆಯೆಂದು ತಿಳಿಯಬೇಕಾಗಿತ್ತು. ಮರಿಹುಳು ಚಿಕ್ಕದಿರುವಾಗಲೇ ಹಿಡಿಯಬೇಕು. ಬಲಿತ ಮೇಲೆ ಅದು ಸುಳಿಯ ಆಳದಲ್ಲಿ ತನ್ನದೇ ಲದ್ದಿಯ ಮರೆಯಲ್ಲಿ ಅಡಗುತ್ತದೆ, ಎಲೆಯ ಮೇಲೆ ಹೊಡೆದ ಔಷಧ ಅದನ್ನು ಮುಟ್ಟುವುದೇ ಇಲ್ಲ. ಸಿಂಪಡಣೆಯ ನಳಿಕೆ ಸುಳಿಗೇ ಗುರಿಯಿಡಬೇಕು, ಬೆಳಗ್ಗೆ ಅಥವಾ ಸಂಜೆ ಹೊಡೆಯಬೇಕು. ಬಲಿತ ಹುಳುವಿಗೆ ಹತ್ತು ಕಿಲೊ ತೌಡು, ಎರಡು ಕಿಲೊ ಬೆಲ್ಲ ಕಲಸಿ ಒಂದು ದಿನ ಹುದುಗಿಸಿ, ಹಾಕುವ ಅರ್ಧ ಗಂಟೆ ಮೊದಲು ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿದ ವಿಷಪಾಷಾಣದ ಉಂಡೆ ಕೆಲಸ ಮಾಡುತ್ತದೆ. ಇದೆಲ್ಲ 2018ರ ನಂತರ ನಮ್ಮವರಿಗೆ ಬಂದ ಜ್ಞಾನ. 2010ರಲ್ಲಿ ಪಡೆದ ಪ್ರಮಾಣಪತ್ರದಲ್ಲಿ ಇದರ ಒಂದು ಸಾಲೂ ಇರಲಾರದು.

ಕೀಟ ಬದಲಾದಷ್ಟೇ ವೇಗವಾಗಿ ಕಾನೂನೂ ಬದಲಾಗಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಲ್ಲಿಸಿತು. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಕನ್ನಡದ ಊರುಗಳು ಆ ಆದೇಶಕ್ಕೆ ಮೊದಲು ತೆತ್ತ ಬೆಲೆಯನ್ನು ನಾವು ಮರೆಯುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂದೇ ಆದೇಶದಲ್ಲಿ ಹದಿನೆಂಟು ಕೀಟನಾಶಕಗಳನ್ನು ಪಟ್ಟಿಯಿಂದ ತೆಗೆಯಿತು. ಕಾರ್ಬರಿಲ್, ಮೀಥೈಲ್ ಪ್ಯಾರಾಥಿಯಾನ್ ಸೇರಿ ಹನ್ನೆರಡು ಕೂಡಲೇ ಹೋದವು. ಫೋರೇಟ್, ಡೈಕ್ಲೋರ್ವಾಸ್, ಟ್ರೈಅಜೋಫಾಸ್ ಸೇರಿದ ಆರಕ್ಕೆ 2020ರ ಡಿಸೆಂಬರ್ 31ರ ಗಡುವು ಬಿತ್ತು. ಈ ಹೆಸರುಗಳು ಪ್ರಯೋಗಾಲಯದ ಹೆಸರುಗಳಲ್ಲ. ಥಿಮೆಟ್ ಎಂದು ಮನೆಮಾತಾಗಿದ್ದ ಫೋರೇಟ್ ಹರಳು, ನುವಾನ್ ಎಂದು ಕರೆಸಿಕೊಂಡ ಡೈಕ್ಲೋರ್ವಾಸ್ ಒಂದು ತಲೆಮಾರಿನ ಕೃಷಿಕರಿಗೂ ಕೀಟನಿಯಂತ್ರಕರಿಗೂ ಕೈಗೆ ಮೊದಲು ಸಿಗುತ್ತಿದ್ದ ಪದಾರ್ಥಗಳು. 2005ರಲ್ಲೇ ತರಕಾರಿಗೆ ಬಳಸಕೂಡದೆಂದಿದ್ದ ಮೊನೊಕ್ರೊಟೊಫಾಸ್‌ನ 36 ಎಸ್‌ಎಲ್ ರೂಪಕ್ಕೆ 2023ರಲ್ಲಿ ಕೊನೆ ಹೇಳಲಾಯಿತು. ಯಾವುದು ಯಾವ ಬೆಳೆಗೆ ಇನ್ನೂ ಒಪ್ಪಿತ, ಯಾವುದು ಎಲ್ಲದಕ್ಕೂ ನಿಷಿದ್ಧ, ಯಾವುದರ ದಾಸ್ತಾನು ಯಾವ ದಿನದವರೆಗೆ ಮಾರಬಹುದು ಎಂಬುದನ್ನು ವ್ಯಾಪಾರಿಗೆ ಹೇಳಬೇಕಾದವರು ಯಾರು? ಸದ್ಯಕ್ಕೆ ಅದು ಸುತ್ತೋಲೆಯೊಂದರ ಮೂಲಕವೋ, ಸಗಟು ವ್ಯಾಪಾರಿಯ ಬಾಯಿಮಾತಿನಲ್ಲೋ ಬಂದರೆ ಬಂತು. ಅಂಗಡಿಯಲ್ಲಿ ನಿಷೇಧಿತ ಬಾಟಲಿ ಸಿಕ್ಕಾಗ ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡುವ ಅಧಿಕಾರವನ್ನು ಕಾನೂನು ತನ್ನ ಬಳಿ ಇಟ್ಟುಕೊಂಡಿದೆ. ಆ ಬಾಟಲಿ ಏಕೆ ನಿಷಿದ್ಧವೆಂದು ಅವನಿಗೆ ಕಲಿಸುವ ಹೊಣೆಯನ್ನೂ ಅದೇ ಕಾನೂನು ಹೊರಬೇಕು.

ಸೊರಬ ತಾಲ್ಲೂಕಿಗೆ ಈ ಪಾಠ ಇನ್ನೊಂದು ದಾರಿಯಿಂದಲೂ ಬಂದಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳು ಆ ಕಾಡಿನ ಹೆಸರನ್ನೇ ಇಟ್ಟವು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಹರಡುವುದು ಉಣ್ಣೆಯಿಂದ. ಸತ್ತ ಮಂಗನ ಸುತ್ತ ಮೆಲಾಥಿಯಾನ್ ಪುಡಿ ಎರಚುವುದು, ಕಾಡಿಗೆ ಹೋಗುವವರು ಮೈಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳುವುದು ರೂಢಿಗೆ ಬಂತು. ಮುಂದೆ ಡಿಎಂಪಿಯ ಜಾಗಕ್ಕೆ ಡೇಪಾ ಎಣ್ಣೆ ಬಂತು. ದಶಕಗಳ ಕಾಲ ಹಾಕಿದ ಲಸಿಕೆಯನ್ನು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕೈಬಿಡಲಾಯಿತು. ತನ್ನದೇ ಕಾಡಿನ ಹೆಸರಿನ ರೋಗದ ವಿಷಯದಲ್ಲೂ ನಿನ್ನೆಯ ಕ್ರಮ ಇಂದಿಗೆ ಸಲ್ಲದು ಎಂಬುದನ್ನು ಈ ತಾಲ್ಲೂಕು ಕಣ್ಣಾರೆ ಕಂಡಿದೆ. ಆರೋಗ್ಯ ಕಾರ್ಯಕರ್ತರಿಗೆ ಹೊಸ ತರಬೇತಿ ಬೇಕೆಂಬುದನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲ. ಉಣ್ಣೆಯ ವಿಷಯದಲ್ಲಿ ಒಪ್ಪಿದ ಮಾತನ್ನು ಹುಳುವಿನ ವಿಷಯದಲ್ಲಿ ಏಕೆ ಒಪ್ಪಬಾರದು?

ಅಂಗಡಿಯವರು ಮಾರುವವರಷ್ಟೇ, ಸಲಹೆ ಕೊಡುವುದು ಕೃಷಿ ಇಲಾಖೆಯ ಕೆಲಸ ಎನ್ನುವವರಿಗೆ ಅಂಕಿಅಂಶವೇ ಉತ್ತರ. 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 59ನೇ ಸುತ್ತು ದೇಶದ ರೈತ ಕುಟುಂಬಗಳು ಕೃಷಿ ಮಾಹಿತಿಯನ್ನು ಎಲ್ಲಿಂದ ಪಡೆಯುತ್ತವೆಂದು ಕೇಳಿತು. ಗೊಬ್ಬರ, ಬೀಜ, ಔಷಧ ಮಾರುವವರಿಂದ ಎಂದವರು ಶೇ 13.1. ವಿಸ್ತರಣಾ ಕಾರ್ಯಕರ್ತರಿಂದ ಎಂದವರು ಶೇ 5.7. ಅಂದರೆ ರೈತನ ಕಿವಿಗೆ ಸರ್ಕಾರಿ ಸಿಬ್ಬಂದಿಗಿಂತ ಎರಡು ಪಟ್ಟು ಹತ್ತಿರ ಇರುವವರು ಅಂಗಡಿಯವರು. ಇದು ಸಹಜವೂ ಹೌದು. ಬೆಳೆಗೆ ರೋಗ ಬಿದ್ದ ದಿನ ರೈತ ಎಲೆ ಕಿತ್ತುಕೊಂಡು ಹೋಗುವುದು ಬಾಗಿಲು ತೆರೆದಿರುವ, ಸಾಲ ಕೊಡುವ, ಮುಖಪರಿಚಯವಿರುವ ಅಂಗಡಿಗೆ. ಅಲ್ಲಿ ಸಿಗುವ ಎರಡು ನಿಮಿಷದ ಮಾತೇ ಎಕರೆಗಟ್ಟಲೆ ಹೊಲದ ಮೇಲೆ ಬೀಳುವ ವಿಷವನ್ನು ತೀರ್ಮಾನಿಸುತ್ತದೆ. ಎಲೆ ತಿನ್ನುವ ಹುಳುವಿಗೂ ರಸ ಹೀರುವ ಕೀಟಕ್ಕೂ ಶಿಲೀಂಧ್ರಕ್ಕೂ ಸೇರಿಸಿ ಮೂರು ಬಗೆಯನ್ನು ಒಂದೇ ಕ್ಯಾನಿಗೆ ಬೆರೆಸಿ ಹೊಡೆಯಿರಿ ಎಂಬ ಸಲಹೆ, ಜತೆಗೊಂದು ಟಾನಿಕ್ ಇರಲಿ ಎಂಬ ಒತ್ತಾಯ, ಹೋದ ವಾರ ಕೊಟ್ಟದ್ದು ಹಿಡಿಯಲಿಲ್ಲವೆಂದರೆ ಡೋಸ್ ಹೆಚ್ಚಿಸಿ ಎಂಬ ಪರಿಹಾರ: ಇವು ದುರಾಸೆಯಿಂದಲೇ ಬರುತ್ತವೆಂದು ನಾನು ಹೇಳುವುದಿಲ್ಲ. ಬಹಳಷ್ಟು ಬಾರಿ ಬರುವುದು ತಿಳಿಯದೆ. ಭತ್ತದ ಗದ್ದೆಗೆ ಹೊಂದದ ಕೀಟನಾಶಕ ಹೊಡೆದರೆ ಜೇಡ, ಮಿರಿಡ್ ತಿಗಣೆಯಂಥ ಮಿತ್ರಜೀವಿಗಳು ಸತ್ತು ಕಂದು ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಎದ್ದುಬರುತ್ತದೆ. ಇದನ್ನು ಕಂಡುಕೊಂಡ ಇಂಡೋನೇಷ್ಯ 1986ರಲ್ಲಿ 57 ಕೀಟನಾಶಕಗಳನ್ನು ಭತ್ತದಿಂದ ದೂರವಿಟ್ಟು, ರೈತರಿಗೇ ಹೊಲದಲ್ಲಿ ಪಾಠಶಾಲೆ ತೆರೆಯಿತು. ಹುಳು ಹೆಚ್ಚಾದರೆ ಔಷಧ ಹೆಚ್ಚಿಸು ಎಂಬ ಅಂಗಡಿಯ ಅನುಭವ ಇಲ್ಲಿ ನೇರವಾಗಿ ತಪ್ಪುದಾರಿಗೆ ಎಳೆಯುತ್ತದೆ. ಇದು ಪಾಠವಿಲ್ಲದೆ ತಿಳಿಯುವ ಸಂಗತಿಯಲ್ಲ.

ನಮ್ಮ ಕಾನೂನಿಗೆ ವಿದ್ಯೆಯ ಬೆಲೆ ಗೊತ್ತಿಲ್ಲವೆಂದಲ್ಲ. 1958ರಲ್ಲಿ ಕೇರಳ ಮತ್ತು ಮದರಾಸಿನಲ್ಲಿ ಪ್ಯಾರಾಥಿಯಾನ್ ಸೋಂಕಿದ ಗೋಧಿ ಪದಾರ್ಥ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷವನ್ನೂ ಆಹಾರವನ್ನೂ ಒಟ್ಟಿಗೆ ಸಾಗಿಸಿದ ಅಜ್ಞಾನ ಆ ಸಾವುಗಳ ಹಿಂದಿತ್ತು. ಆ ದುರಂತದ ವಿಚಾರಣೆಯಿಂದ ಹೊರಟ ದಾರಿಯೇ 1968ರ ಕೀಟನಾಶಕ ಕಾಯ್ದೆಗೂ 1971ರ ನಿಯಮಗಳಿಗೂ ತಲುಪಿತು. ವಾಣಿಜ್ಯ ಕೀಟನಿಯಂತ್ರಣದ ಪರವಾನಗಿ ಬೇಕಾದರೆ ಕೃಷಿ ಪದವಿ ಇಲ್ಲವೆ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ, ಅದರ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐನಂಥ ಸಂಸ್ಥೆಯಲ್ಲಿ ಕನಿಷ್ಠ 15 ದಿನದ ತರಬೇತಿ ಎಂದು ನಿಯಮ ವಿಧಿಸಿತು. 2015ರ ನವೆಂಬರ್ ತಿದ್ದುಪಡಿ ಚಿಲ್ಲರೆ ಮಾರಾಟಗಾರರಿಗೂ ವಿದ್ಯಾರ್ಹತೆ ತಂದಿತು. ಹಳಬರಿಗೆ ಎರಡು ವರ್ಷದ ಗಡುವು ಕೊಟ್ಟು, ಮತ್ತೆ ಮತ್ತೆ ಮುಂದೂಡಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲೇ ಆರಂಭಿಸಿದ ‘ದೇಸಿ’ ಹೆಸರಿನ 48 ವಾರಗಳ ಡಿಪ್ಲೊಮಾ ವ್ಯಾಪಾರಿಗಳಿಗೆಂದೇ ಇದೆ. ವಾರಕ್ಕೊಂದು ದಿನದಂತೆ ನಲವತ್ತು ತರಗತಿ, ಎಂಟು ಕ್ಷೇತ್ರಭೇಟಿ. ಇವೆಲ್ಲ ಒಳ್ಳೆಯವೇ. ಆದರೆ ಎಲ್ಲವೂ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು. ಒಳಗೆ ಬಂದವರನ್ನು ಅದೇ ಪ್ರಶ್ನೆಯನ್ನು ಕಾಲಕಾಲಕ್ಕೆ ಕೇಳುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ವೈದ್ಯರ ವಿಷಯದಲ್ಲಿ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮ ಐದು ವರ್ಷಕ್ಕೆ ಕನಿಷ್ಠ 30 ಗಂಟೆಯ ಮುಂದುವರಿದ ಶಿಕ್ಷಣ ಬೇಕೆಂದಿತು. ಅಮೆರಿಕದಲ್ಲಿ ನಿರ್ಬಂಧಿತ ಕೀಟನಾಶಕ ಬಳಸುವವರು ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಮತ್ತೆ ಅರ್ಹತೆ ತೋರಿಸಲೇಬೇಕು. ಅಲ್ಲಿನ ಹಲವು ರಾಜ್ಯಗಳಲ್ಲಿ ಅದಕ್ಕೆ ದಾರಿ ಇಂತಿಷ್ಟು ಗಂಟೆಯ ತರಗತಿ. ಐರೋಪ್ಯ ಒಕ್ಕೂಟದ 2009ರ ನಿರ್ದೇಶನ ಬಳಸುವವರ ಜತೆಗೆ ಮಾರುವವರಿಗೂ ಸಲಹೆಗಾರರಿಗೂ ಮರುತರಬೇತಿ ವಿಧಿಸುತ್ತದೆ. ಮನುಷ್ಯನ ಮೈಗೆ ಔಷಧ ಬರೆಯುವವರು ಕಲಿಯುತ್ತಲೇ ಇರಬೇಕೆಂದು ಒಪ್ಪಿದ ಮೇಲೆ, ಊರಿನ ನೀರು, ಮಣ್ಣು, ಅನ್ನಕ್ಕೆ ವಿಷ ಬರೆಯುವವರಿಗೆ ವಿನಾಯಿತಿ ಕೊಡಲು ಕಾರಣವೇ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಅನುಭವದ್ದು. ನಮ್ಮ ಹಿರಿಯರು ಯಾವ ತರಗತಿಗೆ ಹೋಗಿ ತೋಟ ಉಳಿಸಿಕೊಂಡರು ಎಂಬ ಪ್ರಶ್ನೆ. ಅಡಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಇಂದು ನಾವು ಮನೆತನದ ವಿದ್ಯೆಯೆಂಬಂತೆ ಮಾತಾಡುತ್ತೇವೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಕತ್ತಿ ಅದ್ದಿ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ. ಈ ವಿದ್ಯೆ ಹುಟ್ಟಿದ್ದು 1880ರ ದಶಕದ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ಮಲೆನಾಡಿಗೆ ಅದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಕೊಳೆರೋಗದ ಕಾರಣವನ್ನು ವಿವರಿಸಿ ವರದಿ ಬರೆದರು, ಇಲಾಖೆ ದ್ರಾವಣದ ಬಳಕೆಯನ್ನು ಬೆಳೆಗಾರರಲ್ಲಿ ಹರಡಿತು. ಅದಕ್ಕೂ ಹಿಂದಿನ ದಾರಿ ಗೊನೆಗೆ ಕೊಟ್ಟೆ ಕಟ್ಟುವುದಾಗಿತ್ತು. ಕೊಟ್ಟೆ ಕಟ್ಟಿ ಪಳಗಿದ್ದ ಬೆಳೆಗಾರರು ನಮಗೆಲ್ಲ ಗೊತ್ತು ಎಂದು ಕಿವಿ ಮುಚ್ಚಿಕೊಂಡಿದ್ದರೆ ಈ ಮನೆತನದ ವಿದ್ಯೆಯೇ ಇರುತ್ತಿರಲಿಲ್ಲ. ಅವರು ಪರರಿಂದ ಕಲಿತರು, ತಮ್ಮ ಕೈಯ ಹದವನ್ನು ಅದಕ್ಕೆ ಸೇರಿಸಿದರು. ಹಿರಿಯರ ಹೆಸರಿನಲ್ಲಿ ಕಲಿಕೆಯನ್ನು ನಿರಾಕರಿಸುವುದು ಹಿರಿಯರು ನಡೆದ ದಾರಿಯನ್ನೇ ನಿರಾಕರಿಸಿದಂತೆ. ಅನುಭವ ಬೇಡವೆಂದು ನಾನು ಹೇಳುತ್ತಿಲ್ಲ. ಎಲೆಚುಕ್ಕಿ ರೋಗ ಅಡಕೆ ತೋಟಗಳನ್ನು ಒಣಗಿಸುತ್ತಿರುವ ಈ ವರ್ಷಗಳಲ್ಲಿ ಕೊಳೆರೋಗದ ಅನುಭವವನ್ನೇ ಅದಕ್ಕೆ ಅನ್ವಯಿಸಿದರೆ ಸಾಲದು, ರೋಗಾಣು ಬೇರೆ, ಕ್ರಮ ಬೇರೆ ಎಂದಷ್ಟೇ ಹೇಳುತ್ತಿದ್ದೇನೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಚಂದ್ರಗುತ್ತಿಯಲ್ಲೋ ಜಡೆಯಲ್ಲೋ ಒಂಟಿಯಾಗಿ ಅಂಗಡಿ ನಡೆಸುವವರು ತರಗತಿಗೆಂದು ಶಿವಮೊಗ್ಗಕ್ಕೆ ಹೋದರೆ ಅಂದಿನ ವ್ಯಾಪಾರ ಹೋಯಿತು. ವರ್ಷವಿಡೀ ನಡೆಯುವ ಡಿಪ್ಲೊಮಾವನ್ನು ಪ್ರತಿ ನವೀಕರಣಕ್ಕೂ ಹೇರಿದರೆ ಸಣ್ಣವರು ಮುಚ್ಚಿ ದೊಡ್ಡವರು ಉಳಿಯುತ್ತಾರೆ. ಅದನ್ನು ನಾನು ಕೇಳುತ್ತಿಲ್ಲ. ನಾನು ಕೇಳುವುದು ವರ್ಷಕ್ಕೆ ಒಂದು ದಿನ, ಐದು ವರ್ಷಕ್ಕೆ ಐದು ದಿನ. ಅದೂ ಮುಂಗಾರಿಗೆ ಮೊದಲು, ವ್ಯಾಪಾರ ತಣ್ಣಗಿರುವ ಬೇಸಗೆಯಲ್ಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಪಾಠ ಹೇಳಲು ಜನರಿಲ್ಲವೆನ್ನುವಂತಿಲ್ಲ. ಕೃಷಿ ವಿಶ್ವವಿದ್ಯಾಲಯದ ಇರುವಕ್ಕಿ ಆವರಣ ಇರುವುದು ಪಕ್ಕದ ಸಾಗರ ತಾಲ್ಲೂಕಿನಲ್ಲಿ. ದೇಶಕ್ಕೆ ಫಾಲ್ ಸೈನಿಕ ಹುಳುವನ್ನು ಮೊದಲು ತೋರಿಸಿದ ವಿಶ್ವವಿದ್ಯಾಲಯವೇ ಅದು. ಪರವಾನಗಿ ಶುಲ್ಕದಿಂದ ಬರುವ ಹಣದ ಒಂದು ಪಾಲನ್ನು ಈ ತರಗತಿಗೆ ಮೀಸಲಿಟ್ಟರೆ ವ್ಯಾಪಾರಿಯ ಜೇಬಿಗೆ ಹೊಸ ಹೊರೆ ಬೀಳುವುದಿಲ್ಲ. ಪಠ್ಯವೂ ಉದ್ದವಿರಬೇಕಿಲ್ಲ. ಆ ವರ್ಷ ನಿಷೇಧವಾದವು, ಆ ವರ್ಷ ಜಿಲ್ಲೆಗೆ ಬಂದ ಕೀಟ ಮತ್ತು ರೋಗ, ಒಂದೇ ಗುಂಪಿನ ಔಷಧವನ್ನು ಪದೇ ಪದೇ ಬಳಸಿ ಹುಳುವಿಗೆ ನಿರೋಧಶಕ್ತಿ ಬರಿಸದಿರುವ ಕ್ರಮ, ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಅರ್ಥ, ವಿಷ ತಗುಲಿದವರಿಗೆ ಮೊದಲು ಮಾಡಬೇಕಾದ್ದು. ಈ ಕೊನೆಯದನ್ನು ಹಗುರವಾಗಿ ಕಾಣುವವರು 2017ರಲ್ಲಿ ಮಹಾರಾಷ್ಟ್ರದ ಯವತಮಾಳದ ಹತ್ತಿಹೊಲಗಳಲ್ಲಿ ಔಷಧ ಹೊಡೆದು ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತದ್ದನ್ನು ನೆನಪಿಸಿಕೊಳ್ಳಲಿ.

ತರಗತಿ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ, ಪ್ರಮಾಣಪತ್ರ ಎಂದರೆ ಕೈಬಿಸಿಯ ಇನ್ನೊಂದು ಹೆಸರು ಎಂಬುದು ಮೂರನೆಯ ಆಕ್ಷೇಪ. ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಇದು ನಮ್ಮ ಆಡಳಿತವನ್ನು ಬಲ್ಲವರ ಆಕ್ಷೇಪ. ಉತ್ತರ ವ್ಯವಸ್ಥೆಯ ರಚನೆಯಲ್ಲಿದೆ. ಪಾಠ ಹೇಳುವವರೂ ಪರವಾನಗಿ ಕೊಡುವವರೂ ಒಬ್ಬರೇ ಆಗಿರಕೂಡದು. ಪಾಠ ವಿಶ್ವವಿದ್ಯಾಲಯದ್ದು, ಪರವಾನಗಿ ಇಲಾಖೆಯದು. ಪರೀಕ್ಷೆ ಮೇಜಿನ ಮೇಲಿಟ್ಟ ನಿಜವಾದ ಬಾಟಲಿ, ನಿಜವಾದ ರೋಗಪೀಡಿತ ಎಲೆಯ ಮೇಲೆ ನಡೆಯಬೇಕು. ಪ್ರಶ್ನೆಗಳು ಮೊದಲೇ ಕನ್ನಡದಲ್ಲಿ ಪ್ರಕಟವಾಗಿರಬೇಕು. ತಪ್ಪಿದವರು ಮರುವಾರವೇ ಮತ್ತೆ ಬರಬಹುದೆಂದಿದ್ದರೆ ಕೈಬಿಸಿ ಮಾಡಿ ಪಾಸಾಗುವ ಅಗತ್ಯವೇ ಇರುವುದಿಲ್ಲ. ಅದಕ್ಕೂ ಮುಖ್ಯವಾದ ಸಂಗತಿ ಒಂದಿದೆ. ವ್ಯಾಪಾರಿಗಳಿಗೆ ಮರುಕಲಿಕೆ ಈಗಲೂ ನಡೆಯುತ್ತಿದೆ. ಅದನ್ನು ನಡೆಸುತ್ತಿರುವುದು ಕಂಪನಿಗಳು. ಹೊಸ ಉತ್ಪನ್ನ ಬಂದಾಗ ಹೋಟೆಲಿನಲ್ಲಿ ಸಭೆ, ಊಟ, ಮಾರಾಟದ ಗುರಿ, ಗುರಿ ಮುಟ್ಟಿದವರಿಗೆ ಪ್ರವಾಸ. ಆ ಪಾಠದಲ್ಲಿ ಎಷ್ಟು ಹೊಡೆಯಬೇಕೆಂದು ಹೇಳುತ್ತಾರೆ. ಯಾವಾಗ ಹೊಡೆಯಲೇಬಾರದು ಎಂದು ಹೇಳಿದರೆ ಅವರ ವ್ಯಾಪಾರಕ್ಕೆ ನಷ್ಟ. ಆದ್ದರಿಂದ ನಮ್ಮೆದುರು ಇರುವ ಆಯ್ಕೆ ಕಲಿಕೆ ಬೇಕೋ ಬೇಡವೋ ಎಂಬುದಲ್ಲ. ಮಾರುವ ಕಂಪನಿ ಕಲಿಸಬೇಕೋ, ಸಾರ್ವಜನಿಕ ವಿಶ್ವವಿದ್ಯಾಲಯ ಕಲಿಸಬೇಕೋ ಎಂಬುದು. ಭ್ರಷ್ಟಾಚಾರದ ಭಯದಿಂದ ಎರಡನೆಯದನ್ನು ಕೈಬಿಟ್ಟರೆ ಮೊದಲನೆಯದು ಮಾತ್ರ ಉಳಿಯುತ್ತದೆ.

ರೈತರೇ ಯಾರ ಮಾತೂ ಕೇಳದೆ ಹೆಚ್ಚು ಹೊಡೆಯುತ್ತಾರೆ, ವ್ಯಾಪಾರಿಯನ್ನು ಏಕೆ ದೂರುತ್ತೀರಿ ಎಂಬ ಮಾತೂ ಇದೆ. ಕೆಲವರು ಹಾಗೆ ಮಾಡುವುದು ನಿಜ. ಆದರೆ ರೈತರಿಗೆ ಪರವಾನಗಿಯಿಲ್ಲ, ವ್ಯಾಪಾರಿಗಿದೆ. ಅಪ್ಪಣೆಯ ಜತೆ ಹೊಣೆ ಬರುತ್ತದೆ. ಈಗ ಎಲ್ಲವೂ ಫೋನಿನಲ್ಲಿ ಸಿಗುತ್ತದೆ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೆ: ಫೋನಿನಲ್ಲಿ ಸರಿಯಾದ ಡೋಸೂ ಸಿಗುತ್ತದೆ, ತಪ್ಪಾದದ್ದೂ ಅಷ್ಟೇ ಸುಲಭವಾಗಿ ಸಿಗುತ್ತದೆ, ಬೇರ್ಪಡಿಸಲು ಮೊದಲೇ ಕಲಿತಿರಬೇಕು.

ಈ ಚರ್ಚೆಯನ್ನು ಇನ್ನು ಮುಂದೂಡಲಾಗದಂತೆ ಮಾಡಿರುವುದು ಗ್ಲೈಫೊಸೇಟ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ ಈ ಕಳೆನಾಶಕವನ್ನು ಪರವಾನಗಿ ಪಡೆದ ಕೀಟನಿಯಂತ್ರಕರಲ್ಲದೆ ಬೇರಾರೂ ಬಳಸಕೂಡದೆಂದಿತು. ಆದೇಶ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಅದರ ಹಣೆಬರಹ ಏನೇ ಇರಲಿ, ಅದರೊಳಗಿನ ತರ್ಕ ಸ್ಪಷ್ಟವಾಗಿದೆ: ಅಪಾಯಕಾರಿ ರಾಸಾಯನಿಕವನ್ನು ಬಲ್ಲವರ ಕೈಗೆ ಮಾತ್ರ ಕೊಡಬೇಕು. ಅಡಕೆ ತೋಟದ ಕಾಲುವೆ, ಶುಂಠಿ ಪಾತಿ, ಮೆಕ್ಕೆಜೋಳದ ಬದು, ಎಲ್ಲೆಲ್ಲೂ ಕಳೆನಾಶಕ ಹೊಡೆಯುವ ಈ ಸೀಮೆಯಲ್ಲಿ ಆ ಬಲ್ಲವರು ಯಾರು? ಹದಿನೈದು ದಿನದ ತರಬೇತಿಯನ್ನು ಗೋದಾಮಿಗೆ ಹೊಗೆ ಹಾಕುವುದಕ್ಕೂ ಮನೆಯ ಗೆದ್ದಲಿಗೂ ಪಡೆದವರು ಕೆರೆ ಏರಿಯ ಕೆಳಗಿನ ಗದ್ದೆಯಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ, ನೀರಿಗೆ ಹರಿಯದಂತೆ ಕಳೆನಾಶಕ ಹೊಡೆಯುವುದನ್ನು ಎಲ್ಲಿ ಕಲಿತಿದ್ದಾರೆ? ಸೊರಬದಂಥ ಕೆರೆಗಳ ಸೀಮೆಯಲ್ಲಿ ಇದು ಕುಡಿಯುವ ನೀರಿನ, ಮೀನಿನ ಪ್ರಶ್ನೆ. ಹೊಸ ಹೊಣೆಯನ್ನು ಹಳೆಯ ಪರವಾನಗಿಗೆ ಕಟ್ಟಿ ಕೈತೊಳೆದುಕೊಳ್ಳುವ ಆದೇಶ ಕಾಗದದಲ್ಲಿ ಉಳಿಯುತ್ತದೆ, ಕ್ಯಾನುಗಳು ಅಂಗಡಿಯಿಂದ ಹೊಲಕ್ಕೆ ಹೋಗುತ್ತಲೇ ಇರುತ್ತವೆ. ಮರುಕಲಿಕೆಯನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಕೇಂದ್ರದ ನಿಯಮಗಳಲ್ಲಿ ಬರುವುದಕ್ಕೆ ಕಾಲ ಹಿಡಿಯಬಹುದು. ಆದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹೋಬಳಿ ಕೇಂದ್ರಗಳಲ್ಲಿ ಮುಂದಿನ ಮುಂಗಾರಿಗೆ ಮೊದಲು ಮೊದಲ ತರಗತಿ ನಡೆಸಲು, ಕುಳಿತು ಕಲಿತವರ ಹೆಸರನ್ನು ರೈತರಿಗೆ ಕಾಣುವಂತೆ ಕೇಂದ್ರದ ಫಲಕದಲ್ಲಿ ಪ್ರಕಟಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ. ಕೃಷಿ ಇಲಾಖೆಯೂ ವಿಶ್ವವಿದ್ಯಾಲಯವೂ ಮನಸ್ಸು ಮಾಡಿದರೆ ಸಾಕು.